ಚೇಳಿನ ಅಚ್ಚು

ಗುರುಬಾಯಿಯ ಬಲಗೈ ಮುರಿದದ್ದು ಅವಳದೇ ಸಮ್ಮಟಿಗೆಯಿಂದ. ಮುರಿದವನು ಬಂಡೆಪ್ಪ, ಬಂದರಿನ ಹಮಾಲ, ಅವಳ ಹಳೆಯ ಗಿರಾಕಿ.

ಆ ಬೆಳಿಗ್ಗೆ ಮುಂಬಯಿಯ ಆಂಟಾಪ್ ಹಿಲ್‌ನ ಅವಳ ಕುಲುಮೆಗೆ ಅವನು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದ. ಮಾತಿಲ್ಲ ಕತೆಯಿಲ್ಲ, ತುಂಡಾದ ಕೊಕ್ಕೆಯೊಂದನ್ನು ಅಡಿಗಲ್ಲಿನ ಮೇಲೆ ಒಗೆದ. ಹಮಾಲರು ಹತ್ತಿಯ ಅಂಡಿಗೆಗೆ ಸಿಕ್ಕಿಸಿ ಎಳೆಯುತ್ತಾರಲ್ಲ, ಆ ಕೊಕ್ಕೆ. ಅದರ ಕುತ್ತಿಗೆಯ ಮೇಲೆ ಚೇಳಿನ ಗುರುತಿತ್ತು.

“ನನ್ನ ತಮ್ಮ ದಾನಪ್ಪ ಎಳಿಯೂಮುಂದ ಇದರ ತುದಿ ಮುರದು ಕಣ್ಣಾಗ ಹೊಕ್ಕೈತಿ. ಕಣ್ಣು ಹೋತು. ಈ ಚೇಳು ನಿಂದ ಹೌದಿಲ್ಲ, ಹೇಳು.”

“ಚೇಳು ನಂದ. ಕೊಕ್ಕಿ ನಂದಲ್ಲ,” ಅಂದಳು ಗುರುಬಾಯಿ.

ಆಸ್ಪತ್ರೆಯಲ್ಲಿ ತಮ್ಮನನ್ನು ಮಲಗಿಸಿ ಬಂದವನಿಗೆ ಇಂಥ ಉತ್ತರ ಯಾಕೆ ಬೇಕು? ಒಬ್ಬ ತಿದಿಯನ್ನು ಸೀಳಿದ, ಇನ್ನೊಬ್ಬ ಬೆಂಕಿಗೆ ನೀರು ಸುರಿದ. ಗುರುಬಾಯಿಯೇನು ಕೈಕಟ್ಟಿ ನಿಲ್ಲುವ ಹೆಂಗಸೇ! ಕೆಂಪಗೆ ಕಾದಿದ್ದ ಇಕ್ಕಳವನ್ನು ಎತ್ತಿ ಒಬ್ಬನ ಭುಜಕ್ಕೆ ಒತ್ತಿಯೇಬಿಟ್ಟಳು. ಅವನ ಕೂಗಿಗೆ ಕೇರಿಯೇ ಹೊರಬಂತು. ಆಮೇಲೆ ಅವಳ ಕೈಯನ್ನು ಅಡಿಗಲ್ಲಿಗೆ ಅದುಮಿ ಹಿಡಿದರು. ಬಂಡೆಪ್ಪ ಸಮ್ಮಟಿಗೆ ಎತ್ತಿದ. ಒಂದೇ ಏಟು.

ಈ ಗುರುಬಾಯಿ ವಿಜಾಪುರ ಕಡೆಯ ಕಮ್ಮಾರರ ಮನೆಯವಳು. ಗಂಡ ಪರಪ್ಪ ಇಕ್ಕಳ ಹಿಡಿದರೆ ಇವಳು ಸಮ್ಮಟಿಗೆ ಬೀಸಬೇಕು, ಅದೇ ಸಂಸಾರ. ಪರಪ್ಪ ಸತ್ತ ಮೇಲೆ ಎರಡೂ ಕೆಲಸ ಇವಳ ಪಾಲಿಗೇ ಬಿದ್ದವು. ಬಂದರಿನ ಹಮಾಲರಿಗೆ ಅಕ್ಷರ ಬಾರದು. ಹಡಗಿನ ಹೊಟ್ಟೆಯ ಕತ್ತಲಲ್ಲಿ ಹೆಬ್ಬೆರಳಿಗೆ ಚೇಳು ತಗುಲಿದರೆ ಸಾಕು, ಇದು ಪರಪ್ಪನ ಮನೆಯ ಕೊಕ್ಕೆ ಎಂದು ಕಣ್ಣುಮುಚ್ಚಿ ಎಳೆಯುತ್ತಿದ್ದರು. ಅಂಗಡಿಗೆ ಬೋರ್ಡಿಲ್ಲ, ಹೆಸರಿಲ್ಲ. ಆ ಚೇಳೊಂದೇ ಅವಳ ಅನ್ನ. ಈಗ ಅದೇ ಹೋಗುವ ಹೊತ್ತು ಬಂದಿತ್ತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಆ ತುಂಡನ್ನು ಬೆಳಕಿಗೆ ಹಿಡಿದಳು. ಮುರಿದ ಮುಖ ಉಪ್ಪಿನ ಹರಳಿನಂತೆ ಮಿಂಚಿತು. ಬೀಡು ಕಬ್ಬಿಣ! ಅವಳು ಕೊಕ್ಕೆ ಮಾಡುತ್ತಿದ್ದದ್ದು ಲಾರಿಯ ಸ್ಪ್ರಿಂಗಿನ ಹಳೆಯ ಉಕ್ಕಿನ ಪಾಟಾ ಕಾಯಿಸಿ. ಅದು ಬಾಗೀತು, ಮುರಿಯದು. ಬೀಡು ಸುರಿದು ಚೇಳು ಹೊಡೆಯುವವನು ಮುಂಬಯಿಯಲ್ಲಿ ಒಬ್ಬನೇ ಇದ್ದ, ಅವಳ ಮೈದುನ ಕಾಂತಪ್ಪ.

ಅವನ ಕೈಗೆ ಅಚ್ಚು ಬಂದದ್ದು ಕಳವಿನಿಂದಲ್ಲ. ಮಾವ ತೀರಿಕೊಂಡಾಗ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಅಡಿಗಲ್ಲು ಒಬ್ಬನಿಗೆ, ತಿದಿ ಒಬ್ಬನಿಗೆ. ದಸರೆಗೆ ಕುಂಕುಮ ಹಚ್ಚಿ ಪೂಜಿಸುವ ಚೇಳಿನ ಅಚ್ಚನ್ನು ಒಬ್ಬನಿಗೇ ಕೊಟ್ಟರೆ ಅನ್ಯಾಯವಾದೀತೆಂದು ಹಿರಿಯರು ಅಂದರು. ಪರಪ್ಪ ಅಂಥದ್ದೇ ಇನ್ನೊಂದು ಕೊರೆದು ತಮ್ಮನ ಉಡಿಯಲ್ಲಿ ಹಾಕಿದ. ಗುರುಬಾಯಿಯೂ ಹೂಂ ಅಂದಿದ್ದಳು.

ಎಡಗೈಯಲ್ಲಿ ಸುತ್ತಿಗೆ ಹಿಡಿದು ಅವಳು ಲೋಕಲ್ ರೈಲು ಹತ್ತಿ ಘಾಟ್ಕೋಪರಿನ ಅವನ ಕುಲುಮೆಗೆ ಹೋದಳು.

“ಏ ಕಾಂತ್ಯಾ, ಆ ಅಚ್ಚು ತಾ ಇಲ್ಲಿ.”

“ಯಾಕ ವೈನಿ, ನಿಮ್ಮ ತವರಮನಿ ಆಸ್ತಿಯೇನು?” ಕಾಂತಪ್ಪ ನಕ್ಕ. “ಚೇಳು ನಂದ ಅಂತ ಸರಕಾರಕ್ಕ ಅರ್ಜಿ ಕೊಟ್ಟೀನಿ. ರಿಜಿಸ್ಟ್ರಿ ಆಗ್ಲಿ, ನೀವು ಒಂದ ಕೊಕ್ಕಿ ಹೊಡದ್ರೂ ಪೊಲೀಸರ್ನ ಕರಸ್ತೀನಿ.”

ಅವಳಿಗೆ ರೇಗಿ ಮೈಯೆಲ್ಲ ಉರಿದುಹೋಯಿತು. ಸುತ್ತಿಗೆ ಬೀಸಿದಳು, ಎಡಗೈ ಏಟು, ಗುರಿ ತಪ್ಪಿತು. ಅವನ ಆಳುಗಳು ಅವಳನ್ನು ಜುಟ್ಟು ಹಿಡಿದು ಎಳೆದು, ಒದ್ದು ಗಟಾರಕ್ಕೆ ಉರುಳಿಸಿದರು. ಮುಂದಿನ ಎರಡು ಹಲ್ಲು ಅಲ್ಲೇ ಬಿದ್ದವು.

ಅದೇ ರಕ್ತದ ಬಾಯಲ್ಲಿ ಪರೇಲ್‌ಗೆ ಹೋಗಿ, ಧಾರವಾಡ ಕಡೆಯ ವಕೀಲ ಸಿದ್ದಲಿಂಗಪ್ಪನವರ ಮುಂದೆ ಕೂತಳು. ಅವರು ಎಲ್ಲ ಕೇಳಿ ತಲೆ ಚಚ್ಚಿಕೊಂಡರು.

“ಗುರುತು ಅಂದ್ರ ಕೊಡಾ ತಂಬಿಗಿ ಅಲ್ಲವ್ವಾ, ಪಾಲು ಹಂಚಲಿಕ್ಕೆ. ಇದನ್ನ ಮಾಡಿದಾಕಿ ನಾನು ಅಂತ ಗಿರಾಕಿಗೆ ಕೊಟ್ಟ ಮಾತದು. ಇಬ್ಬರು ಒಂದ ಗುರುತು ಹೊಡದ್ರ ಅಂವ ಯಾರನ್ನ ನಂಬಬೇಕು?”

“ನಂದು ರಿಜಿಸ್ಟ್ರಿ ಆಗಿಲ್ರೀ ಸಾಹೇಬರ.”

“ಆಗದಿದ್ರೂ ಹಕ್ಕು ಇರ್ತದ. ಗುರುತಿಗೆ ಹೆಸರು ಗಳಿಸಿದವ್ರು ಒಬ್ಬರು, ಅದರ ಮ್ಯಾಲೆ ಮಾಲು ಮಾರಾಂವ ಇನ್ನೊಬ್ಬ ಅಂದ್ರ ಕೋರ್ಟು ತಡೀತದ. ಆದ್ರ ಪ್ರತಿ ಸಲ ಸಾಕ್ಷಿ ಹಾಕಿ ತೋರಸಬೇಕು. ರಿಜಿಸ್ಟ್ರಿ ಇದ್ರ ಆ ಕಾಗದಾನ ಸಾಕ್ಷಿ. ಕಾಂತಪ್ಪನ ಅರ್ಜಿ ಸರಕಾರದ ಜರ್ನಲ್‌ನಾಗ ಅಚ್ಚಾಗಿ ಬರ್ತದ. ಬಂದ ಮ್ಯಾಲೆ ನಾಕು ತಿಂಗಳೊಳಗ ತಕರಾರು ಹಾಕಬೇಕು. ಸುಮ್ಮನ ಕೂತ್ರ ಚೇಳು ಅವಂದು.”

“ಹಾಕ್ರಿ ಮತ್ತ.”

“ಹಾಕ್ತೀನಿ. ನಿನ್ನ ಚೇಳು ಅಂತ ನಂಬಿ ಅವನ ಮಾಲು ತಗೊಂಡು ಮೋಸ ಹೋದಂವ ಒಬ್ಬ ಬೇಕು. ಇದ್ದಾನೇನು?”

ಇದ್ದ. ದಾನಪ್ಪ ಇದ್ದ.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಅಲ್ಲಿಗೆ ಹೋದಳು. ಚಾಳಿನ ಬಾಗಿಲಲ್ಲಿ ಬಂಡೆಪ್ಪ ಅವಳ ಕುತ್ತಿಗೆಗೆ ಕೈ ಹಾಕಿದ. ಗುರುಬಾಯಿ ಜಗ್ಗಲಿಲ್ಲ. ಪರಪ್ಪನ ಕಾಲದ ಹಳೆಯ ಕೊಕ್ಕೆ ಒಳಗೆ ಗೋಡೆಗೆ ತೂಗುತ್ತಿತ್ತು. ಮುರಿದದ್ದರ ಜೊತೆಗೇ ಕೊಂಡಿದ್ದ ಹೊಸದೊಂದು ಅದರ ಪಕ್ಕದಲ್ಲಿತ್ತು. ಎರಡನ್ನೂ ನಲ್ಲಿಯ ಹತ್ತಿರದ ಒಗೆಯುವ ಕಲ್ಲಿಗೆ ತರಿಸಿದಳು.

“ನನ್ನ ಕೈ ನೀನ ಮುರದೀ ಬಂಡೆಪ್ಪಾ. ಇವುನೂ ನೀನ ಹೊಡಿ,” ಎಂದು ಸುತ್ತಿಗೆ ಚಾಚಿದಳು.

ಮೊದಲ ಏಟಿಗೇ ಹೊಸದು ಮೂರು ಚೂರಾಯಿತು. ಹಳೆಯದಕ್ಕೆ ಬಂಡೆಪ್ಪ ಬೆವರು ಇಳಿಯುವ ತನಕ ಬಡಿದ. ಬಾಗಿತು, ಅಷ್ಟೇ.

ದಾನಪ್ಪ ಕಣ್ಣಿನ ಪಟ್ಟಿ ಸರಿಸಿ ಬಗ್ಗಿ ನೋಡಿದ. “ಎರಡಕ್ಕೂ ಚೇಳು ಹೆಂಗ ಬಂತು ಅಕ್ಕಾ?”

“ಅಚ್ಚು ನಾವ ಕೊಟ್ವಿ. ಕೊಟ್ಟ ಮ್ಯಾಲೆ ಅಂವ ಏನ ಮಾಡ್ತಾನ ಅಂತ ತಿರುಗಿ ನೋಡ್ಲಿಲ್ಲ.”

ದಾನಪ್ಪ ಒಂದು ಚೂರನ್ನು ಎತ್ತಿ ಅವಳ ಮುಖಕ್ಕೆ ಬೀಸಿ ಹೊಡೆದ. ಕೆನ್ನೆ ಹರಿದು ರಕ್ತ ಸೀರೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

“ಬರ್ತೀನಿ ಸಾಕ್ಷಿಗೆ,” ಅಂದ ದಾನಪ್ಪ. “ಆದ್ರ ಇನ್ನಮ್ಯಾಲೆ ನಾ ಹೊಡದು ನೋಡದ ಕೊಕ್ಕಿಗೆ ಚೇಳು ಬೀಳಬಾರದು.”

ರಿಜಿಸ್ಟ್ರಿ ಕಚೇರಿಯಲ್ಲಿ ವಿಚಾರಣೆ ಬರಲು ವರ್ಷವೇ ಹಿಡಿಯಿತು. ಯಾವ ನಂಬಿಕೆಯ ಮೇಲೆ ಕೊಂಡೆ ಎಂದು ಅಧಿಕಾರಿ ಕೇಳಿದಾಗ ದಾನಪ್ಪ, “ಚೇಳು ಇತ್ರೀ, ಈ ಅಕ್ಕಂದ ಅಂತ ತಗೊಂಡೆ,” ಎಂದು ಪಟ್ಟಿ ಬಿಚ್ಚಿ ಕಣ್ಣಿನ ಗುಳಿ ತೋರಿಸಿದ. ಅಚ್ಚು ಇವರೇ ಕೊಟ್ಟದ್ದು ಎಂದು ಕಾಂತಪ್ಪನ ವಕೀಲ ಎದ್ದ. ಕೊಟ್ಟದ್ದು ಹೌದು ಎಂದು ಗುರುಬಾಯಿ ನಿಂತಲ್ಲೇ ಒಪ್ಪಿಕೊಂಡಳು. ಅದನ್ನು ಕೇಳಿಯೂ ಅಧಿಕಾರಿ, ಎರಡು ಮನೆಯಲ್ಲಿ ನಡೆಯುತ್ತ ಬಂದ ಗುರುತನ್ನು ತನ್ನೊಬ್ಬನದೆಂದು ಬರೆದದ್ದು ಸುಳ್ಳು, ಗಿರಾಕಿ ಮೋಸಹೋಗುವುದು ಕಣ್ಣೆದುರಿಗೇ ಇದೆ ಎಂದು ಕಾಂತಪ್ಪನ ಅರ್ಜಿಯನ್ನು ತಳ್ಳಿಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಬಂಡೆಪ್ಪ ಕಾಂತಪ್ಪನನ್ನು ಕೆಡವಿ ತುಳಿದ. ಪಕ್ಕೆಲುಬು ಲಟಕ್ಕೆಂದದ್ದು ಕೇಳಿಸಿತು. ಗುರುಬಾಯಿ ಬಿಡಿಸಲಿಲ್ಲ. ವಿಚಾರಣೆಗೆಂದು ತಂದಿದ್ದ ಅಚ್ಚನ್ನು ಕಾಂತಪ್ಪ ಜೇಬಿನಿಂದ ತೆಗೆದು ಕೊಡುವ ತನಕ ನಿಂತು ನೋಡಿದಳು. ಆ ಅಚ್ಚನ್ನು ಕೆಂಪಗೆ ಕಾಯಿಸಿ ಚಪ್ಪಟೆ ಬಡಿದಳು. ಚೇಳು ತನ್ನ ಹೆಸರಿಗೆ ಆಗಲೆಂದು ಅರ್ಜಿ ಹಾಕಿದಳು.

ಒಕ್ಕಣ್ಣಿನವನಿಗೆ ಬಂದರಿನಲ್ಲಿ ಕೆಲಸ ಸಿಗಲಿಲ್ಲ. ದಾನಪ್ಪ ಅವಳ ಕುಲುಮೆಯಲ್ಲೇ ಕಲ್ಲೊಂದನ್ನು ಹಾಕಿಕೊಂಡು ಕೂತ. ಮೊದಲ ದಿನ ಅವಳು ಒಂದೊಂದೇ ಕೊಕ್ಕೆ ಕೊಟ್ಟಳು. ಹೋದ ಕಣ್ಣಿನ ಸಿಟ್ಟನ್ನೆಲ್ಲ ತೋಳಿಗೆ ತಂದು ಅವನು ಬಡಿದ. ಮೊದಲನೆಯದು ತಡೆಯಿತು, ಅವಳು ಚೇಳು ಹೊಡೆದಳು. ಮುಂದಿನದೂ ತಡೆಯಿತು.

ಅದರ ಮುಂದಿನದು ತುಂಡಾಗಿ ಅವಳ ಕಾಲ ಬಳಿ ಬಿತ್ತು. ಪಾಟಾ ಒಳ್ಳೆಯದೇ ಇತ್ತು. ಮುರಿದು ಕೂಡಿದ ಬಲಗೈ ಸೋತು, ಹದ ತಪ್ಪಿತ್ತು. ಅವನು ಹೊಡೆಯದೇ ಇದ್ದಿದ್ದರೆ ಅದರ ಮೇಲೂ ಚೇಳು ಬಿದ್ದಿರುತ್ತಿತ್ತು.

ಗುರುಬಾಯಿ ತುಂಡುಗಳನ್ನು ಬೆಂಕಿಗೆ ಎಸೆದಳು. ದಾನಪ್ಪ ಮುಂದಿನದಕ್ಕೆ ಕೈ ಚಾಚಿದ.