ಕಂಡಿಕೆಯ ಕೂಲಿ

ಮೊಮ್ಮಗಳ ಮೊಬೈಲಿನೊಳಗೆ ನೂಲು ಸುತ್ತಿದ, ಉಗುರಿನಷ್ಟು ಸಣ್ಣ ಕಂಡಿಕೆಯೊಂದು ಗಿರಗಿರ ತಿರುಗುತ್ತಿತ್ತು. ಅದನ್ನು ನೋಡಿದ್ದೇ ತಡ, ಗಂಜಿ ಹಾಕಿದ ನೂಲಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗ ನಿಂತು ಎಷ್ಟೋ ವರ್ಷಗಳಾದವು…

ಅದು ಕಾರ್ಖಾನೆ ನಡೆಸುವ ಆಟವಂತೆ. ಹೈಸ್ಕೂಲಿಗೆ ಹೋಗುವ ಕೂಸು, ಅದರಲ್ಲಿ ಸೀರೆ ಕಾರ್ಖಾನೆಯನ್ನೇ ಹಾಕಿದ್ದಾಳೆ! ಸೀರೆ ಮಾರಿ ಬಂದ ರೊಕ್ಕದಲ್ಲಿ ನೂಲು, ಬಣ್ಣ, ಕರೆಂಟು, ಕೂಲಿ ಎಲ್ಲ ಕಳೆದು, ಉಳಿದದ್ದು ತಾಸಿಗೆ ಎಷ್ಟು ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಹಿಗ್ಗು ತಡೆಯಲಿಲ್ಲ. ಎದುರು ಮನೆಯವರನ್ನೂ ಕರೆದು ತೋರಿಸಿದೆ. ಅದೇ ಹಿಗ್ಗಿನಲ್ಲಿ ಬುದ್ಧಿ ಹೇಳಲು ಹೋದೆ.

"ಕಂಡಿಕಿ ಸುತ್ತೂದಕ್ಕ ಯಾಕ ಕೂಲಿ ಹಿಡದೀಯವ್ವ? ಅದನ್ನ ತಗದುಬಿಡು, ಲಾಭ ಹೆಚ್ಚಾಕ್ಕೈತಿ. ಅದು ಮನಿ ಹೆಣ್ಣಮಕ್ಕಳ ಕೆಲಸ."

ಅವಳು ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಆಟದಾಗೂ ಯಾರೂ ಪುಕ್ಕಟ ದುಡಿಯಂಗಿಲ್ಲ! ಆವಾಗ ನಮ್ಮ ಮನ್ಯಾಗ ಯಾರು ಸುತ್ತತಿದ್ರು?"



ಸುತ್ತುತ್ತಿದ್ದವರು ನಮ್ಮ ಯಜಮಾನರ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬೆಳಗ್ಗೆ ರಾಟಿ ಮುಂದೆ ಕುಳಿತರೆ ಊಟಕ್ಕೇ ಏಳುವುದು. ಅವರು ಕಂಡಿಕೆ ಸುತ್ತಿಕೊಟ್ಟರೆ ತಾನೇ ಲಾಳಿಯೊಳಗೆ ನೂಲು, ಮಗ್ಗದ ಮೇಲೆ ಸೀರೆ? ಎಡಗೈ ಬೆರಳಿನ ಮೇಲೆ ನೂಲು ಕೊರೆದ ಗೆರೆ ಬಿದ್ದಿತ್ತು. ಮನೆಯ ಲೆಕ್ಕವನ್ನು ಬಾಯಲ್ಲೇ ಹಿಡಿಯುತ್ತಿದ್ದವಳು ನಾನು. ನೂಲಿಗಿಷ್ಟು, ಬಣ್ಣಕ್ಕಿಷ್ಟು, ನೇಯುವವರಿಗಿಷ್ಟು, ಉಳಿದದ್ದು ಲಾಭ. ಅಕ್ಕಾರು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಅವರು ಬಾಯಿ ಬಿಟ್ಟು ಕೇಳಿದ್ದು ಒಂದೇ ಸಲ. ಮುಂಡರಗಿಯಲ್ಲಿ ಅವರ ತಂಗಿಯ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು.

"ತಂಗಿ, ನಮ್ಮ ಮಗ್ಗದ ಸೀರಿ ಒಂದು ಉಟ್ಕೊಂಡು ಬರ್ಲೇನ? ಮುಪ್ಪಾಗಾಕ ಬಂತು, ಒಂದೂ ಉಟ್ಟಿಲ್ಲ ನೋಡು," ಎಂದು ನನ್ನನ್ನು ಕೇಳಿದರು, ನಗುತ್ತಲೇ.

"ಈ ಸಲ ಏನೂ ಉಳದಿಲ್ಲರಿ ಅಕ್ಕಾರ. ಮಾರೂ ಸೀರಿ ಉಟ್ಟರ ಹೊಟ್ಟಿಗೇನ್ ತಿನ್ನೂದು? ಕುಂತಲ್ಲೇ ರಾಟಿ ತಿರುವಾವರಿಗೆ ಏನ್ ಗೊತ್ತಾಕ್ಕೈತಿ," ಎಂದುಬಿಟ್ಟೆ. ಓಣಿಯ ಇಬ್ಬರು ಹೆಂಗಸರೂ ಅಲ್ಲೇ ಇದ್ದರು.

ಆಮೇಲೆ ದೊಡ್ಡ ಮನಸ್ಸು ಮಾಡಿದವಳಂತೆ, ನೇಯ್ಗೆ ತಪ್ಪಿದೆಯೆಂದು ವ್ಯಾಪಾರಿ ತಿರುಗಿ ಕೊಟ್ಟಿದ್ದ ಸೀರೆಯೊಂದನ್ನು ತೆಗೆದುಕೊಟ್ಟೆ. ಸೆರಗಿನ ನಡುವೆಯೇ ಅಂಗೈಯಗಲ ಎಳೆ ಬಿಟ್ಟಿತ್ತು.

ಅದನ್ನೇ ಉಟ್ಟು ಬಂದರು. ನಾನು ಹೊಸದನ್ನು ಉಟ್ಟಿದ್ದೆ… ತೊಟ್ಟಿಲ ಹಾಡು ಮುಗಿಯುವವರೆಗೂ ಅವರು ಸೆರಗಿನ ಮೇಲಿಂದ ಕೈ ತೆಗೆಯಲಿಲ್ಲ. ಕೂಸನ್ನು ಎತ್ತಿಕೊಳ್ಳಲು ಕೊಟ್ಟರೆ, "ಇರ್ಲಿ ಬಿಡ್ರವ್ವಾ, ಇಲ್ಲಿಂದನ ನೋಡತೇನಿ," ಎಂದರು. ಯಾಕೆಂದು ಅಲ್ಲಿ ನನಗೊಬ್ಬಳಿಗೇ ತಿಳಿದಿತ್ತು.

ಬಸ್ಸಿನಲ್ಲಿ ತಿರುಗಿ ಬರುವಾಗ, "ಸೀರಿ ಬಣ್ಣ ಚಲೋ ಐತಿ ಅಂದ್ರು ಎಲ್ಲಾರೂ," ಎಂದು ನನಗೇ ಸಮಾಧಾನ ಹೇಳಿದರು. ಮರುದಿನ ಬೆಳಗ್ಗೆ ಮತ್ತೆ ರಾಟಿಯ ಮುಂದೆ ಕುಳಿತರು. ತಪ್ಪಾಯಿತು ಎನ್ನಲು ಆಮೇಲೂ ನನಗೆ ಬಹಳ ವರ್ಷಗಳು ಸಿಕ್ಕಿದ್ದವು. ಅನ್ನಲಿಲ್ಲ. ಈಗ ಅನ್ನೋಣವೆಂದರೆ ಕೇಳುವವರಿಲ್ಲ…

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಅವಳು ನಮ್ಮ ಹಳೆಯ ಲೆಕ್ಕವನ್ನು ಒಂದೊಂದಾಗಿ ಕೇಳಿ ಬರೆದುಕೊಂಡು, ಕಂಡಿಕೆಗೂ ಕೂಲಿ ಹಿಡಿದು ನೋಡಿದಳು.

"ಅಜ್ಜಿ, ಏನೂ ಉಳಿಯಂಗಿಲ್ಲ. ನೀ ಲಾಭ ಅಂದಿದ್ದೆಲ್ಲಾ ಅವರ ಕೂಲೀನ."

ಕೂಸಿನ ಜಾಣತನಕ್ಕೆ ಹಿಗ್ಗಬೇಕೋ, ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವಳ ತಲೆ ಸವರಿದೆ.

ಆಟದಲ್ಲಿ ಕೆಲಸದವರಿಗೆ ನಮಗೆ ಬೇಕಾದ ಹೆಸರು ಇಡಬಹುದಂತೆ. "ಕಂಡಿಕಿ ಸುತ್ತಾಕಿಗೆ ಅವರ ಹೆಸರು ಇಡ್ಲೇನ?" ಎಂದು ಕೇಳಿದಳು.

"ಬ್ಯಾಡವ್ವ," ಎಂದೆ. "ಅವರನ್ನ ಮತ್ತ ದುಡಿಯಾಕ ಹಚ್ಚಬ್ಯಾಡ."