ಎರಡು ಬೆರಳು ಬಿಟ್ಟು

ನಮ್ಮ ಮೀನುಬೋಟು ನಡೆಸುತ್ತಿದ್ದ ತಾಂಡೇಲರು ಅಂಕೋಲೆ ಕಡೆಯವರು. ಚುಕ್ಕಾಣಿಯ ಮುಂದಿದ್ದ ಕಂಪಾಸು ಬೋಟಿಗಿಂತ ಹಳೆಯದು. ಅದರ ಮುಳ್ಳು ಯಾವಾಗಲೂ ಎರಡು ಬೆರಳಿನಷ್ಟು ಎಡಕ್ಕೆ ತಪ್ಪಿ ನಿಲ್ಲುತ್ತಿತ್ತು. ಗಾಜಿನ ಮೇಲೆ ಎರಡು ಬೆರಳಿಟ್ಟು, ಅಷ್ಟು ಬಿಟ್ಟು ದಾರಿ ಹಿಡಿಯುವುದು ಅವರ ರೂಢಿ. ಹೊಸದು ಹಾಕಿಸೋಣ ಎಂದಾಗಲೆಲ್ಲ ಒಂದೇ ಮಾತು: "ಇದ್ರ ಸುಳ್ಳು ನಂಗೆ ಗೊತ್ತದೆ, ಸಾವ್ಕಾರ್ರೆ. ಹೊಸದ್ರ ಸುಳ್ಳು ಯಾರಿಗೆ ಗೊತ್ತದೆ?"

ತೊಂಬತ್ತರ ದಶಕದ ಒಂದು ವರ್ಷ, ಮಳೆಗಾಲ ಕಳೆದು ಬೋಟು ನೀರಿಗಿಳಿಸುವಾಗ, ನಾನೇ ಹಟ ಹಿಡಿದು ಹೊಸ ಕಂಪಾಸು ಕೂರಿಸಿದೆ. ತಾಂಡೇಲರು ಹಳೆಯದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ದರು.

ಮೂರನೇ ವಾರ ಬೋಟು ಕಾರವಾರಕ್ಕೆ ಮರಳುವಾಗ ಮಳೆ ಕವಿದು ಎದುರಿಗೆ ಏನೂ ಕಾಣದಾಯಿತು. ಬೋಟು ನಡುಗಡ್ಡೆಯ ಬಂಡೆಗೆ ಬಡಿದು ಒಡೆಯಿತು. ಬಲೆ ಎಳೆಯುವ ಇಬ್ಬರು ಖಲಾಸಿಗಳು ಸಿಗಲೇ ಇಲ್ಲ.

ಆಸ್ಪತ್ರೆಯಲ್ಲಿ ನಾನು ಕೇಳುವ ಮೊದಲೇ ತಾಂಡೇಲರು ಬಲಗೈ ಎತ್ತಿ ತೋರಿಸಿದರು.

"ಹೊಸದು ಸುಳ್ಳು ಹೇಳ್ಲಿಲ್ಲ. ಮಳೇಲಿ ಹೆದ್ರಿಕೆ ಆಯ್ತು. ಈ ಕೈ ಮತ್ತೆ ಎರಡು ಬೆರಳು ಬಿಟ್ತು."

ಆಮೇಲೆ ಅವರು ಚಹಾದ ಲೋಟವನ್ನೂ ಆ ಎರಡು ಬೆರಳು ಮಡಚಿಕೊಂಡೇ ಹಿಡಿಯುತ್ತಿದ್ದರು.