ಮೊಣಕೈ ಮಡಚುವ ಹುಡುಗಿ

ಗೆಳೆಯರೇ, ಇವತ್ತು ಬೆಳಿಗ್ಗೆ ವಾಡಿ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ನನ್ನ ಮಗಳ ಭವಿಷ್ಯ ಅರ್ಧ ಗಂಟೆ ವಿಚಾರಣೆಗೆ ಬಂತು. ಹತ್ತನೇ ಕ್ಲಾಸಿನ ಮಹಾದೇವಿ ಬೇಸ್‌ಬಾಲ್ ಆಡುತ್ತಾಳೆ. ಪಂದ್ಯಗಳು ಶುರುವಾಗುವ ಮುಂಚಿನ ಜಿಲ್ಲಾ ಶಿಬಿರಕ್ಕೆ ಅವಳನ್ನು ಕರೆದಿದ್ದಾರೆ. ಒಪ್ಪಿಗೆ ಪತ್ರ ನನ್ನ ಜೇಬಿನಲ್ಲಿತ್ತು, ಸಹಿಯೊಂದೇ ಬಾಕಿ.

ರೈಲ್ವೆಯಿಂದ ನಿವೃತ್ತರಾದ ಶರಣಪ್ಪ ಕಾಕಾ ನಿನ್ನೆ ಮೈದಾನದಲ್ಲಿ ಅವಳ ಆಟ ನೋಡಿದ್ದರಂತೆ. "ಹುಡುಗಿ ಭಾಳ ಜೋರ್ ಒಗೀತಾಳ ಖರೆ. ಆದ್ರ ಮೊಣಕೈ ಮಡಚ್ತಾಳ. ಎಲ್ಲಾ ನೋ ಬಾಲ್ ಕೊಡ್ತಾರ" ಎಂದರು.

"ಹೊಡದ ಮ್ಯಾಲ ಬ್ಯಾಟ್ ಬಿಟ್ಟು ಓಡ್ತಾಳ. ರನೌಟ್ ಆಗ್ತಾಳ" ಎಂದ ಅಂಗಡಿಯ ಬಸಣ್ಣ. "ಈ ವರ್ಷ ಬ್ಯಾಡ ಬಿಡಪಾ."

ಬೆಂಚಿನ ಮೇಲಿದ್ದ ಇನ್ನಿಬ್ಬರು ತಲೆಯಾಡಿಸಿದರು. ನನಗೂ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಪತ್ರ ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಅದೇ ಪತ್ರ ಕೇಳಿಕೊಂಡು ಮಗಳೇ ಬಂದಳು. ಎಲ್ಲರ ತೀರ್ಪನ್ನೂ ಕೇಳಿಸಿಕೊಂಡು ಕಾಕಾನ ಕಡೆ ತಿರುಗಿದಳು.

"ಮುತ್ಯಾ, ಇದು ಕ್ರಿಕೆಟ್ ಅಲ್ರಿ. ಇದ್ರಾಗ ಮೊಣಕೈ ಮಡಚೇ ಒಗೀಬೇಕ್ರಿ, ಬ್ಯಾಟ್ ಬಿಟ್ಟೇ ಓಡಬೇಕ್ರಿ. ನೀವ್ ತಪ್ಪು ಅಂದಿದ್ದಕ್ಕೆಲ್ಲಾ ನಮ್ಮ ಸರ್ ಭೇಷ್ ಅಂದಾರ್ರಿ."

ಕಾಕಾ ತಮ್ಮ ಪೆನ್ನು ತೆಗೆದು ನನ್ನ ಕೈಗಿಟ್ಟರು. "ಸಹಿ ಮಾಡೋ, ಏನ್ ನೋಡಾಕತ್ತಿ?"

ಮಾಡಿದೆ.

ಪಂದ್ಯ ಶುರುವಾಗುವ ಮೊದಲೇ ನನ್ನ ಮಗಳು ನನ್ನದೂ ಸೇರಿ ಐದು ವಿಕೆಟ್ ಕಿತ್ತಿದ್ದಾಳೆ. ಅವಳ ಆಟದಲ್ಲಿ ವಿಕೆಟ್ಟೇ ಇರುವುದಿಲ್ಲವಂತೆ, ಅದು ಬೇರೆ ಮಾತು.